ಪರಾತ

ಏಪ್ರಿಲ್ ಹದಿಮೂರು, ಸೊಲ್ಲಾಪುರ.
ನಮ್ಮ ಯುಗಾದಿ ಹಳೇದಾಗಿ ಮೂರು ವಾರ,
ಬಾಗಿಲದಾಗಿನ ಬೇವಿನ ಟೊಂಗಿ ಒಣಗಿ ಜೋತಾಡಲಿಕ್ಕತ್ತದ.
ಡಾಂಬರು ಚಪ್ಪಲಿಗೆ ಅಂಟೋ ಹೊತ್ತಿನ್ಯಾಗ
ಕುರುವಿಳ ಬಂದ. ಹಳೇ ಟೈರಿಗೆ ಹೊಸ ರಬ್ಬರ್ ಹಚ್ಚಾವ,
ಈ ವರ್ಷ ಮಲಯಾಳಿ ಸಮಾಜದ ಸೆಕ್ರೆಟರಿ.
"ವಿಷು ಅದ. ನೂರಿಪ್ಪತ್ತು ಕುರ್ಚಿ ಬೇಕು. ಒಂದು ಉರುಳಿ ಬೇಕು."

ಕುರ್ಚಿ ಎಲ್ಲಿಂದ ತರ್ಲಿ? ನಾಳೆ ಜಯಂತಿ.
ನೀಲಿ ಬಟ್ಟಿ, ನೀಲಿ ಬಲ್ಬು, ನನ್ನ ನಾಲ್ಕುನೂರು ಕುರ್ಚಿ
ಮುಂಜಾನೆನೇ ಟೆಂಪೋ ಹತ್ತಿ ಹೋಗ್ಯಾವ.
ಉಳಿದದ್ದು ತೊಂಬತ್ತಾರು, ಅದರಾಗ ಎರಡಕ್ಕ ಕೈ ಇಲ್ಲ.
ಉರುಳಿ ಅಂದ್ರ ಏನಂತನೇ ಗೊತ್ತಿಲ್ಲ.
ಅಂವ ಗಾಳಿಯಾಗ ಬರೆದು ತೋರಿಸಿದ:
ಬಾಯಿ ಅಗಲ, ಆಳ ಕಡಿಮಿ, ದುಂಡಗ.
ಅಟ್ಟದಿಂದ ಅಪ್ಪನ ಹಿತ್ತಾಳಿ ಪರಾತ ಇಳಿಸಿದೆ.
ಲಗ್ನದ ಹಿಟ್ಟು ಬಿಟ್ರ ಬ್ಯಾರೆ ಏನೂ ಕಂಡಿಲ್ಲ ಅದು.
"ಹುಣಸಿಹಣ್ಣು ಹಚ್ಚಿ ತಿಕ್ಕ್ರಿ. ದಿನಕ್ಕ ನಲವತ್ತು ರೂಪಾಯಿ."

ಹೂವಿಗೂ ನಾನೇ ಬೇಕಾದೆ.
ಮೊಬೈಲಿನ್ಯಾಗ ಫೋಟೋ ತೋರಿಸಿದ, ಕಣಿಕೊನ್ನ ಅಂತ.
ಅಯ್ಯ, ಕಕ್ಕಿ! ಮುಚ್ಚಿದ ಗಿರಣಿ ಕಂಪೌಂಡಿನ್ಯಾಗ ಅದಲ್ಲ.
ಭೋಂಗಾ ನಿಂತದ್ದು ಆ ಗಿಡಕ್ಕ ಯಾರೂ ಹೇಳಿಲ್ಲ,
ಪ್ರತಿ ಬ್ಯಾಸಗಿ ತನ್ನ ಪಾಳಿಗೆ ತಪ್ಪದ ಹಾಜರ್.
ಗೇಟು ತಗೀತಾ ವಾಚ್‌ಮನ್ ನರ್ಸಯ್ಯ ಕೇಳಿದ,
"ದೇವರಿಗೋ, ಫೋಟೋಕ್ಕೋ?"
"ಕಣ್ಣಿಗೆ" ಅಂದ ಕುರುವಿಳ.

ರಾತ್ರಿ ಕುರ್ಚಿ ಕಾಯ್ಕೋತ ಹಾಲಿನ್ಯಾಗ ಮಲಗಿದ್ದೆ.
ನಾಲ್ಕಕ್ಕ ಯಾರೋ ನನ್ನ ಕಣ್ಣಿನ ಮ್ಯಾಲೆ ಕೈ ಇಟ್ರು.
ತಣ್ಣಗಿನ ಕೈ, ದವಾಖಾನಿ ಸಾಬೂನಿನ ವಾಸನಿ.
ಸಿಸ್ಟರ್ ಓಮನ, ರಾತ್ರಿ ಡ್ಯೂಟಿ ಮುಗಿಸಿ ನೆಟ್ಟಗ ಇಲ್ಲೇ ಬಂದಾಕಿ.
ತನ್ನವರಿಗೆ ಮಲಯಾಳದಾಗ, ನನಗ ಮರಾಠಿಯಾಗ:
ಕಣ್ಣು ತೆರೀಬ್ಯಾಡ್ರಿ.
ನಾನು ಬಾಡಿಗಿಯಾವ ಅಂದೆ.
ನಡೀರಿ ಅಂದಳು.

ಹದಿನೆಂಟು ಹೆಜ್ಜಿ.
ಕಾಲಿಗೆ ಗೊತ್ತಾತು, ಇದು ನನ್ನ ಜಮಖಾನಿ,
ಇದು ಕರ್ಪೂರ ಬಿದ್ದು ಸುಟ್ಟ ತೂತು,
ಇದು ನಾನೇ ಟೇಪ್ ಸುತ್ತಿದ ವೈರು.
ನನ್ನ ಸಾಮಾನಿನ ಮ್ಯಾಲೇ ಕುರುಡನಂಗ ನಡೀತಿದ್ದೆ,
ಹಿಂದ ಒಂದು ಕೂಸು ಕಿಸಕ್ಕಂತ ನಗ್ತಿತ್ತು.

ಕೈ ತಗದಳು.
ಮೊದಲಿಗೆ ಬರೇ ಹಳದಿ.
ಆಮ್ಯಾಲೆ ದೀಪ, ಅಕ್ಕಿ, ಒಡೆದ ತೆಂಗಿನಕಾಯಿ,
ಅವರ ಬಂಗಾರದ ಸೌತಿ ಸಿಗದ ತಂದ ಕರಬೂಜ,
ಕಕ್ಕಿ ಗೊಂಚಲಿನ ಕೆಳಗ ಕಪ್ಪು ಕೃಷ್ಣ.
ಪರಾತದ ಅಂಚಿನ್ಯಾಗ ನಾಲ್ಕು ಅಕ್ಷರದ ನಮ್ಮ ಮನೆತನ: ಹತ್ತರಕಿ.
ಅಪ್ಪ ಕಲಾಯಿಯವನ ಕಡಿಂದ ಚುಕ್ಕಿ ಚುಕ್ಕಿ ಹೊಡಸಿದ್ದು.
ಹಿಟ್ಟು, ಮಸಿ, ಇಷ್ಟು ವರ್ಷ ತುಂಬಿ ಮುಚ್ಚಿಹೋಗಿತ್ತು.
ಹುಣಸಿಹಣ್ಣು ತಿಕ್ಕಿ ತಿಕ್ಕಿ
ಯಾರೋ ಓದಲಾರದವರು ಅದನ್ನ ಹೊರಗ ತಂದಿದ್ರು.

ಕನ್ನಡಿನೂ ಇತ್ತು. ಕುರುವಿಳನ ಅಂಗಡಿಯ ಲಾರಿ ಕನ್ನಡಿ.
ಅದರಾಗ ನನ್ನ ಮಾರಿ ಸರಿಯಾಗಿ ಬೀಳಲಿಲ್ಲ.
ಕಂಡದ್ದು ಹಿಂದಿನ ಸಾಲು:
ಒಬ್ಬರ ಹೆಗಲಿಗೆ ಒಬ್ಬರ ಕೈ, ಎಲ್ಲರ ಕಣ್ಣೂ ಮುಚ್ಚಿದ್ದು,
ನಾನು ಸರಿಯೂದನ್ನ ಕಾಯ್ಕೋತ.

ಸರದೆ.

ಭಾರ್ಗವಿ ಟೀಚರ್, ಎಂಬತ್ತೇಳು, ಎಲ್ಲರ ಕೈಯಾಗ ಹತ್ತರ ನಾಣ್ಯ ಇಟ್ರು.
ನನ್ನ ಕೈಯಾಗೂ. ನಮಸ್ಕಾರ ಮಾಡಿದೆ,
ರೊಕ್ಕ ತಗೊಂಡು ರಸೀದಿ ಕೊಡದಿದ್ದುದು ಅದೇ ಮೊದಲು.

ಮಧ್ಯಾಹ್ನ ಊಟ ಎದ್ದ ಮ್ಯಾಲೆ ಎಣಿಸಿದೆ. ತೊಂಬತ್ತೈದು.
ಮತ್ತೊಮ್ಮೆ. ತೊಂಬತ್ತೈದು.
"ಟೀಚರ್ ಮನಿ ಮೂರನೇ ಮಾಳಿಗಿ, ಲಿಫ್ಟ್ ಇಲ್ಲ" ಅಂದ ಕುರುವಿಳ.
ಹೊರಗ ಹೊಟಗಿ ರಸ್ತೆ. ದೂರದಾಗ ನಾಲ್ಕು ಹುಡುಗರು,
ನಡುವ ನನ್ನ ಕೈಯಿಲ್ಲದ ಕುರ್ಚಿ,
ಮ್ಯಾಲೆ ಬಿಳಿ ಸೀರಿ, ಒಂದು ಕರಿ ಛತ್ರಿ.
ಬಿಲ್ಲಿನ್ಯಾಗ ಪರಾತದ ನಲವತ್ತು ಹಚ್ಚಿದೆ. ಬಿಡಲಿಲ್ಲ.
ಕೆಳಗ ಬರದೆ:
ಕುರ್ಚಿ ಒಂದು, ಬರೂದದ.