ನಲವತ್ತನಾಲ್ಕು

ಡುಲೂತಿನ ಆಸ್ಪತ್ರೆ, ನೆಲಮಾಳಿಗೆಯ ಔಷಧಿ ಕೋಣೆ,
ನವೆಂಬರಿನ ರಾತ್ರಿ ಎರಡೂಕಾಲು.
ಮೇಲಿನ ಮಕ್ಕಳ ವಾರ್ಡಿನಿಂದ
ಚೀಟಿಯೊಂದು ಪರದೆಗೆ ಬಂದು ಬಿತ್ತು:
ಲೀವೈ ಮ್ಯಾಕಿ. ವಯಸ್ಸು ಐದು. ಸೆಳವು.
ತೂಕ ನಲವತ್ತನಾಲ್ಕು.

ನಲವತ್ತನಾಲ್ಕು ಏನು?

ಕಂಪ್ಯೂಟರಿಗೆ ಅನುಮಾನ ಬರುವುದಿಲ್ಲ.
ಕಿಲೋ ಅಂದುಕೊಂಡಿತು,
ಕಿಲೋಗೆ ಇಪ್ಪತ್ತು ಮಿಲಿಗ್ರಾಮಿನಂತೆ ಗುಣಿಸಿ
ಎಂಟುನೂರ ಎಂಬತ್ತು ಎಂದು
ಹಸಿರಕ್ಷರದಲ್ಲಿ ಬರೆದುಕೊಟ್ಟು
ಒಪ್ಪಿಗೆಯ ಗುಂಡಿ ಮಿನುಗಿಸುತ್ತ ಕೂತಿತು.

ಅಪ್ಪ ಅಳತೆ-ತೂಕದ ಇಲಾಖೆಯಲ್ಲಿದ್ದ.
ರಜೆಯಲ್ಲಿ ಸೈಕಲ್ಲಿನ ಮುಂದೆ ನನ್ನನ್ನು ಕೂರಿಸಿಕೊಂಡು
ಗದಗಿನ ಕಿರಾಣಿ ಅಂಗಡಿ ಸುತ್ತುತ್ತಿದ್ದ.
ತಕ್ಕಡಿಯ ಮುಳ್ಳು ನೋಡುತ್ತಿರಲಿಲ್ಲ ಮೊದಲು.
ಕಬ್ಬಿಣದ ಬಟ್ಟು ಎತ್ತಿ, ಬೋರಲು ಹಾಕಿ,
ಕುಳಿಯಲ್ಲಿ ಸೀಸ ಇದೆಯೆ,
ಸೀಸದ ಮೇಲೆ ಈ ವರ್ಷದ ಮುದ್ರೆ ಇದೆಯೆ.
"ಬುಡಾ ನೋಡವ್ವಾ ಮೊದಲ, ಆಮ್ಯಾಗ ತೂಕಾ."
ತಟ್ಟೆಯಡಿ ಅಂಟಿಸಿದ ಹುಣಸೆಹಣ್ಣನ್ನು
ಉಗುರಿನಿಂದ ಕೆರೆದು ತೆಗೆದು
ಅಂಗಡಿಯವನ ಅಂಗೈಗೇ ಇಡುತ್ತಿದ್ದ, ಬೈಯದೆ.

ನಲವತ್ತನಾಲ್ಕನ್ನು ಬೋರಲು ಹಾಕಿದೆ.
ಕೆಳಗೆ ಏನೂ ಇಲ್ಲ. ಬೋಳು.

ಫೋನೆತ್ತಿದವಳು ಡಾರ್ಲೀನ್. ಅವಸರದಲ್ಲಿದ್ದಳು.
"ಅವರಮ್ಮ ಹೇಳಿದ್ದು. ಆಂಬುಲೆನ್ಸಿನಲ್ಲಿ ಯಾರೋ ಬರಕೊಂಡರು."
ಅಮ್ಮ ಹೇಳುವುದು ಪೌಂಡಿನಲ್ಲೇ.
ಇಲ್ಲಿ ಮಗು ಪೌಂಡಿನಲ್ಲಿ ಹುಟ್ಟುತ್ತದೆ,
ಕುಂಬಳಕಾಯಿ ಪೌಂಡಿನಲ್ಲಿ ಬಹುಮಾನ ಗೆಲ್ಲುತ್ತದೆ,
ಮದ್ದು ಮಾತ್ರ ಮಿಲಿಗ್ರಾಂ.
ನಡುವೆ ಎರಡು ಪಾಯಿಂಟ್ ಎರಡು ಎಂಬ ಕಾಲುಸಂಕ.
ದಾಟಲು ಮರೆತರೆ ಸೇರಿಗೆ ಸವ್ವಾಸೇರಲ್ಲ,
ಸೇರಿಗೆ ಎರಡು ಸೇರು, ಮೇಲೆ ಮೂರು ಚಟಾಕು,
ಐದು ವರ್ಷದ ರಕ್ತದೊಳಗೆ.

"ಇನ್ನೊಮ್ಮೆ ತೂಗಿ," ಎಂದೆ.
"ಹುಡುಗ ಅದುರುತ್ತಿದ್ದಾನೆ."
"ಹಾಸಿಗೆಯಲ್ಲೇ ತಕ್ಕಡಿ ಇದೆಯಲ್ಲ. ತೂಗಿ."

ಫೋನು ಹಿಡಿದೇ ಇದ್ದೆ.
ಅದರೊಳಗೆ ಚಕ್ರ ಕಿರುಗುಟ್ಟಿತು, ಯಾರೋ ಅತ್ತರು,
ಮಗುವಲ್ಲ.
ಹೊರಗೆ ಸರೋವರದಲ್ಲಿ ಅದಿರಿನ ಹಡಗು ಕೂಗಿತು.
ಅದರ ಟನ್ನೇ ಬೇರೆ,
ಎರಡು ಸಾವಿರದ ಇನ್ನೂರ ನಲವತ್ತು ಪೌಂಡಿನದು.
ಅಷ್ಟೆಲ್ಲ ಹೊತ್ತೂ ತೇಲುತ್ತದೆ.

"ಹತ್ತೊಂಬತ್ತು ಪಾಯಿಂಟ್ ಒಂಬತ್ತು."
"ಏನು?" ಎಂದೆ.
ಒಂದು ಉಸಿರಿನಷ್ಟು ತಡ.
"ಕಿಲೋ."

ಎಂಟುನೂರ ಎಂಬತ್ತನ್ನು ಅಳಿಸಿದೆ.
ಮುನ್ನೂರ ತೊಂಬತ್ತೆಂಟು.
ಬೆರಳು ನಡುಗಿದ್ದು ಆಮೇಲೆ,
ಮದ್ದಿನ ಡಬ್ಬಿ ಗಾಳಿಕೊಳವೆಯಲ್ಲಿ ಸುಯ್ಯೆಂದು
ಮೇಲಕ್ಕೆ ಹೋದ ಮೇಲೆ.

ಬೆಳಿಗ್ಗೆ ವರದಿಯ ಕಾಗದ ಕೇಳಿತು: ಆದ ಹಾನಿ?
ಇಲ್ಲ, ಎಂದು ಬರೆದೆ.
ಮನೆಗೆ ಹೋಗುವ ದಾರಿಯಲ್ಲಿ
ಅರ್ಧ ಪೌಂಡು ಚೀಸ್ ಕೇಳಿ ನಿಂತಾಗ
ನನಗೇ ತಿಳಿಯದೆ ಬಗ್ಗಿ
ತಕ್ಕಡಿಯ ತಟ್ಟೆಯಡಿ ನೋಡುತ್ತಿದ್ದೆನಂತೆ.
ಅಂಗಡಿಯ ಹುಡುಗ ಕೇಳಿದ,
"ಏನಾದರೂ ಬೀಳಿಸಿಕೊಂಡಿರಾ?"