ಅಳೆದು ಸುರಿದು

ಪೆನಿಶೆಯ ಗಾಳಿಗೆ ಉಪ್ಪು ಜಾಸ್ತಿ.
ಹದಿನೇಳು ವರ್ಷ ಅದು ನಮ್ಮ ಹಳೆ ಕಾರಿನ
ಚಕ್ರದ ಮೇಲಿನ ತಗಡನ್ನು
ರೊಟ್ಟಿಯ ಅಂಚು ಮುರಿದ ಹಾಗೆ
ಮುರಿದು ಮುರಿದು ತಿಂದಿತು.
ಹೊಸದು ನೋಡೋಣ, ಅಂದೆ ನಾನೇ.
ಎಯುರಿಕು ಲೆಕ್ಕ ಹಾಕಿದ. ಮತ್ತೆ ಹಾಕಿದ.
ಅಳೆದು ಸುರಿದು, ಸುರಿದು ಅಳೆದು
ಈಸ್ಟರ್ ಕಳೆದು ಸಾರ್ಡೀನ್ ಹಂಗಾಮೇ ಬಂತು.

ಮೀನಿನ ಡಬ್ಬಿ ಕಾರ್ಖಾನೆಯಲ್ಲಿ ನನ್ನ ಕೆಲಸ
ಮುಚ್ಚಳ ತಟ್ಟಿ ಕೇಳುವುದು.
ಗಟ್ಟಿ ಕೂತಿದ್ದರೆ ಟಣ್,
ಗಾಳಿ ಹೊಕ್ಕಿದ್ದರೆ ಟಪ್.
ದಿನಕ್ಕೆ ನಾಲ್ಕು ಸಾವಿರ ಟಣ್,
ಹತ್ತೋ ಹನ್ನೆರಡೋ ಟಪ್.
ಹಾಗಾಗಿ ಕಾಲ್ದಸ್ ಪೇಟೆಯ ಶೋರೂಮಿನಲ್ಲಿ
ಮೊದಲು ನಾನು ಬಾಗಿಲನ್ನು
ಬೆರಳ ಗೆಣ್ಣಿನಿಂದ ತಟ್ಟಿದೆ.
ಮಾರುವ ಹುಡುಗ ವಾಲ್ದೆಮಾರ್ ನಕ್ಕ.
ನಾನು ಕೇಳಿಸಿಕೊಳ್ಳುತ್ತಿದ್ದೆ.

ಅವನು ತೋರಿಸಿದ್ದೆಲ್ಲ ಪರದೆ, ಊಟದ ತಟ್ಟೆಯಷ್ಟಗಲ.
ಸೀಟು ಬೆಚ್ಚಗಾಗುತ್ತದಂತೆ,
ಗೆರೆ ದಾಟಿದರೆ ಸ್ಟೀರಿಂಗ್ ನಡುಗುತ್ತದಂತೆ,
ಹನಿ ಬಿದ್ದರೆ ವೈಪರ್ ತಾನೇ ಏಳುತ್ತದಂತೆ.
ಈ ಅಂತೆಗಳ ನಡುವೆ ಎಯುರಿಕು
ಹೊರಗೆ ನಿಂತ ಹಳೆ ಕಾರಿನ ಡಿಕ್ಕಿಯಿಂದ
ಒಂದೊಂದೇ ತಂದು ಇಳಿಸಿದ:
ಗಾಳದ ಕೋಲುಗಳ ಚೀಲ,
ಐದು ಲೀಟರಿನ ವೈನ್ ಬುಡ್ಡಿ,
ಮಗಳು ಬ್ರಿತೆಶ್ ಅಲೆಯ ಮೇಲೆ ಮಲಗುವ ಗಿಡ್ಡ ಹಲಗೆ,
ಅವನಮ್ಮನ ವಾಕರ್.
ಮುಖ ಕಾಣುವ ನೆಲದ ಮೇಲೆ ಮೀನಿನ ವಾಸನೆಯ ಸಂತೆ.
“ಇಷ್ಟೂ ಹಿಡಿಸಿದರೆ ಮುಂದೆ ಮಾತು.”
ಹಿಡಿಸಿತು. ಹಲಗೆ ಮಾತ್ರ ಸ್ವಲ್ಪ ಓರೆ.

ಬಾನೆಟ್ ಎತ್ತಿಸಿದೆ.
ಎಂಜಿನ್ನಿಗೆ ಕರಿ ಪ್ಲಾಸ್ಟಿಕ್ಕಿನ ಮುಸುಕು.
“ನೀವು ಏನನ್ನೂ ಮುಟ್ಟಬೇಕಿಲ್ಲ, ದೋನಾ ಒತೀಲಿಯಾ,
ಎಲ್ಲ ಪರದೆಯೇ ಹೇಳುತ್ತದೆ.”
ಎಣ್ಣೆ ಅಳೆಯುವ ಕಡ್ಡಿ ಎಲ್ಲಿ?
ಹುಡುಕಿದ ಪಾಪ. ನಾನೇ ಹುಡುಕಿಕೊಟ್ಟೆ.
ಸ್ಟೆಪ್ನಿ?
ಡಿಕ್ಕಿಯ ತಳ ಸರಿಸಿ ತೋರಿಸಿದ:
ಶಾಂಪೂ ಥರದ ಒಂದು ಬಾಟಲಿ, ಒಂದು ಫೋನ್ ನಂಬರು.

ಅಷ್ಟರಲ್ಲಿ ಅತ್ತೆ ಫೆಲಿಜ್ಮೀನಾ
ಮುಂದಿನ ಸೀಟಿನಲ್ಲಿ ಕೂತು ಎದ್ದರು,
ಕೂತು ಎದ್ದರು, ಮೂರು ಸಲ,
ಯಾರ ತೋಳನ್ನೂ ಹಿಡಿಯದೆ.
“ಇದೇ” ಅಂದರು.
ಮೂರು ತಿಂಗಳ ಲೆಕ್ಕದ ಹಾಳೆಯನ್ನು
ಎಯುರಿಕು ಮಡಿಸಿ ಜೇಬಿಗೆ ಹಾಕಿಕೊಂಡ.

ಮೊದಲ ಶನಿವಾರ.
ರಸ್ತೆ ಸಮವಾಗಿರುವುದು ಬೇಕರಿಯ ಮುಂದೆ ಮಾತ್ರ,
ಇಳಿಜಾರಲ್ಲಿ ಎಣ್ಣೆ ಸುಳ್ಳು ಹೇಳುತ್ತದೆ.
ಎಯುರಿಕುವಿನ ಹರಿದ ಬನಿಯನ್ನಿನ ತುಂಡಲ್ಲಿ
ಬ್ರಿತೆಶ್ ಕಡ್ಡಿ ಒರೆಸಿದಳು, ಇಳಿಸಿದಳು, ಎಳೆದಳು.
“ಅಮ್ಮಾ, ಏನೂ ಇಲ್ಲ!”
ಇದೆ ಮಗಳೇ, ಬೆಳಕಿಗೆ ಹಿಡಿ.
ಹಳೆಯದರಲ್ಲಿ ಕಾಡಿಗೆ ನೋಡಿದ ಕಣ್ಣು,
ಇದಿನ್ನೂ ಜೇನು.
ಕಡ್ಡಿಯ ಎರಡು ಗುಂಡಿಗಳ ನಡುವೆ
ನಾಚಿಕೊಂಡು ನಿಂತಿದೆ, ಕಂಡಿತೇ?
ಅವಳು ಪುಸ್ತಕದಲ್ಲಿ ಬರೆದಳು:
ತಾರೀಖು, ಇನ್ನೂರ ಹದಿನಾಲ್ಕು ಕಿಲೋಮೀಟರ್, ಎಣ್ಣೆ ಸರಿ.
ಪುಸ್ತಕ ಹಳೆ ಕಾರಿನದೇ, ಇನ್ನೂ ಹಾಳೆ ಉಳಿದಿದ್ದವು.

ಆಮೇಲೆ ಟೈರು. ನಾನು ಅಳತೆಯ ಮುಳ್ಳಿಗೂ ಮುಂಚೆ
ಸುಮ್ಮನೆ, ಕೈಚಟಕ್ಕೆ, ಒಂದೊಂದನ್ನೂ ತಟ್ಟುತ್ತ ಬಂದೆ.
ಹಿಂದಿನ ಎಡಗಡೆಯದು
ಬೇರೆ ಥರ ಮಾತಾಡಿತು.
ಎರಡು ಪಾಯಿಂಟ್ ಮೂರು ಇರಬೇಕಾದಲ್ಲಿ ಎರಡು.
ಪಟ್ಟಿಯ ಸಂದಿಯಲ್ಲಿ ಮೀನಿನ ಪೆಟ್ಟಿಗೆಯ
ಪುಟ್ಟ ಮೊಳೆ, ತಲೆ ಸವೆದು ಹೊಳೆಯುತ್ತ.
ಪರದೆ ಹಸಿರು ತೋರಿಸುತ್ತಲೇ ಇತ್ತು.

ಪಂಕ್ಚರ್ ಹಾಕಿಸಿದೆವು. ಮಧ್ಯಾಹ್ನವೇ
ಅತೊಗಿಯಾದ ಗುಜರಿಗೆ ಹೋಗಿ
ಚೌಕಾಶಿ ಮಾಡಿ ನಲವತ್ತು ಯೂರೋಗೆ
ಒಂದು ಚಕ್ರ ತಂದೆ. ಜ್ಯಾಕ್ ಬಿಟ್ಟಿ.
ಡಿಕ್ಕಿಯಲ್ಲಿ ಅದು ರಾಜನ ಹಾಗೆ ಕೂತ ಮೇಲೆ
ವಾಕರ್‌ಗೆ ಜಾಗವೇ ಇಲ್ಲ.

ಭಾನುವಾರ ಪೂಜೆಗೆ ಹೊರಟಾಗ
ಅತ್ತೆ ಅದನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡರು.
ಅದರ ಎರಡು ಸಣ್ಣ ಗಾಲಿ ಬೆರಳಲ್ಲಿ ತಿರುಗಿಸುತ್ತ,
“ಇವೂ ಇವೆ” ಅಂದರು,
“ದಾರಿಯಲ್ಲಿ ಬೇಕಾದರೆ ಕೇಳು.”