ಎರಡು ಡಿಗ್ರಿ

ಒಂಬತ್ತು ಕುಳಿಯ ನಮ್ಮ ಮೈದಾನಕ್ಕೆ
ಲಾಕ್ಲನ್ ಗೆಡ್ಡಿಸನ ಅಂಗಡಿಯೇ ಹೆಬ್ಬಾಗಿಲು.
ಹೆಬ್ಬಾಗಿಲೆಂದರೆ ಒಂದು ಮರದ ಗೂಡು,
ಉತ್ತರ ಸಮುದ್ರದ ಗಾಳಿಗೆ ಬೆನ್ನು ಕೊಟ್ಟು ಕೂತದ್ದು;
ಒಳಗೆ ಮೂವರಿದ್ದರೆ ನಾಲ್ಕನೆಯವನು
ಹೊರಗೇ ನಿಂತು ಮಾತಾಡಬೇಕು.
ಗೋಡೆಗೆ ಆರು ಕೈಗವಸು, ಎರಡು ಕೊಡೆ,
ಹೋದ ವರ್ಷದ ಒಂದು ಜೊತೆ ಶೂ, ಯಾರ ಕಾಲಿಗೂ ಆಗದ್ದು.
ಅಂಟು, ರಬ್ಬರು, ಒದ್ದೆ ನಾಯಿ, ಮೂರೂ ಬೆರೆತ ವಾಸನೆ.

ಮಾರ್ಚಿನ ನಾಲ್ಕು ಶನಿವಾರ
ಅವನ ಏಳನೇ ನಂಬರಿನ ಕಬ್ಬಿಣ ಹಿಡಿದು ಬೀಸಿದೆ.
"ಭುಜ ಸಡಿಲ ಬಿಡು, ಯೂಫೀ,
ಇದು ನಿನ್ನ ಶಾಲೆಯ ಆಲೂಗಡ್ಡೆಯಲ್ಲ, ಹಿಸುಕಬೇಡ."
ದುಡ್ಡು ಕೇಳಲಿಲ್ಲ. ಕೊನೆಗೊಂದು ಚೀಟಿಯಲ್ಲಿ
ಪೆನ್ಸಿಲಿನಿಂದ ನನ್ನನ್ನು ಬರೆದುಕೊಟ್ಟ:
ಕೋಲಿನ ಉದ್ದ, ಹಿಡಿಯ ದಪ್ಪ,
ಆಮೇಲೆ ಓದಲಾಗದ ಏನೋ ಒಂದು ಗೀಚು,
ಎಲ್ಲಕ್ಕೂ ಕೆಳಗೆ ಬೆಲೆ, ಸಣ್ಣಕ್ಷರದಲ್ಲಿ,
ನಾಚಿಕೊಂಡವನ ಹಾಗೆ.

ಆ ಚೀಟಿ ಹಿಡಿದುಕೊಂಡೇ ಇನ್ವರ್ನೆಸ್ಸಿಗೆ ಹೋದೆ.
ಒಪ್ಪಿಕೊಳ್ಳುತ್ತೇನೆ.

ವಿಮಾನ ನಿಲ್ಲಿಸಬಹುದಾದಂಥ ಅಂಗಡಿ.
ಗಾಳಿಯಿಲ್ಲದ ಬಲೆಯೊಳಗೆ ಹೊಡೆದೆ;
ಪರದೆಯ ಮೇಲೆ ಯಾವುದೋ ಬಿಸಿಲ ನಾಡಿನ ಹುಲ್ಲಿನಲ್ಲಿ
ನನ್ನ ಚೆಂಡು ನೂರಾ ಮೂವತ್ತು ಗಜ ಹಾರಿತು.
ಜನ್ಮದಲ್ಲಿ ಅಷ್ಟು ದೂರ ಹೊಡೆದವಳಲ್ಲ ನಾನು.
ಎದೆಗೆ ಹೆಸರಿನ ಬಿಲ್ಲೆ ಸಿಕ್ಕಿಸಿಕೊಂಡ ಹುಡುಗ
"ಸೂಪರ್" ಅಂದ. ಪಕ್ಕದವನಿಗೂ ಅಂದ.
ಚೀಟಿಯ ಗೀಚು ಅವನಿಗೂ ತಿಳಿಯಲಿಲ್ಲ.
ಏಳು ಕೋಲಿನ ಸೆಟ್ಟಿಗೆ ನೂರಾ ಹತ್ತು ಪೌಂಡು ಕಡಿಮೆ.
ನೂರಾ ಹತ್ತೆಂದರೆ ನನಗೆ ಜನವರಿಯ ಗ್ಯಾಸಿನ ಬಿಲ್ಲು.
ನಿಷ್ಠೆಯನ್ನು ಉರಿಸಿ ಮನೆ ಬೆಚ್ಚಗಿಡಲಾಗುವುದಿಲ್ಲ.

ದುಡ್ಡು ಕಟ್ಟುವ ಸಾಲಿನಲ್ಲಿ, ನನ್ನ ಮುಂದೆ,
ಗಾಳಿಗೆ ಕೆಂಪಾದ, ಮಡಿಕೆ ಮಡಿಕೆಯ ಒಂದು ಕತ್ತು.
ಎಲ್ಲೋ ನೋಡಿದ ಕತ್ತು.
ಕೈಗಾಡಿಯ ತುಂಬ ಚೆಂಡಿನ ಡಬ್ಬ, ಗವಸು.
ತಿರುಗಿದ.
ಒಂದೇ ಗಳಿಗೆಯಲ್ಲಿ ಇಬ್ಬರೂ
ನಮ್ಮ ನಮ್ಮ ಸಾಮಾನಿಗೆ ಮೈಯಡ್ಡ ನಿಂತೆವು,
ಧಣಿಯ ಹೊಳೆಯಲ್ಲಿ ಕದ್ದು ಗಾಳ ಹಾಕಿದವರು
ಒಬ್ಬರಿಗೊಬ್ಬರು ಎದುರಾದ ಹಾಗೆ.

"ಕಂಪನಿ ನನಗೆ ಹಾಕುವ ಸಗಟು ದರಕ್ಕಿಂತ
ಇವರು ಬೀದಿಗೆ ಮಾರುವುದು ಅಗ್ಗ," ಅಂದ,
ಹೊರಗೆ, ಕಾರಿನ ಹತ್ತಿರ, ಬೀಗದ ಕೈ ಹುಡುಕುತ್ತ.
"ಬೆಲೆಚೀಟಿ ಕೀಳಲಿಕ್ಕೆಂದೇ
ನನ್ನ ಹೆಂಡತಿ ಉಗುರು ಬೆಳೆಸಿದ್ದಾಳೆ."
ನಕ್ಕೆವು. ಪೂರ್ತಿ ನಗುವಲ್ಲ ಅದು.

ಹೊಸ ಕೋಲಿನಿಂದ ಹೊಡೆದದ್ದೆಲ್ಲ ಎಡಕ್ಕೆ.
ಎಡಕ್ಕೆ ಸಮುದ್ರ.
ಏಳು ಚೆಂಡು ಕೊಟ್ಟು, ಎಂಟನೆಯದನ್ನು ಜೇಬಲ್ಲಿಟ್ಟುಕೊಂಡು
ಅವನ ಬಾಗಿಲಿಗೆ ಬಂದೆ. ನಾಯಿ ಎದ್ದು ಬಂತು,
ಅವನು ಏಳಲಿಲ್ಲ.
ಮುದುಡಿದ ಚೀಟಿ ಚಾಚಿದೆ: ಇದೇನು ಬರೆದಿದ್ದೀ?
"ಎರಡು ಡಿಗ್ರಿ. ನೀನು ಗಿಡ್ಡಿ. ಕೋಲು ಇನ್ನಷ್ಟು ಮಲಗಬೇಕು."
ಅಡಿಗೆ ಟೇಪು ಅಂಟಿಸಿ ಹಲಗೆಯ ಮೇಲೆ ಹೊಡೆಸಿದ;
ಗುರುತೆಲ್ಲ ಹಿಮ್ಮಡಿಯ ಕಡೆಗೆ.
ಕಬ್ಬಿಣದ ಕುತ್ತಿಗೆಯನ್ನು ಇಕ್ಕಳದಲ್ಲಿ ಸಿಕ್ಕಿಸಿ
ಉಸಿರು ಹಿಡಿದು ಬಗ್ಗಿಸಿದ. ಕಣ್ಣಿಗೆ ಏನೂ ಕಾಣಲಿಲ್ಲ.
ಹಾಗೇ ಏಳೂ.

ಕೋಲಿಗೆ ನಾಲ್ಕು ಪೌಂಡು, ಗೋಡೆಯ ಮೇಲೆ ಬರೆದಿದೆ.
ಇಪ್ಪತ್ತೆಂಟು ಕೊಟ್ಟೆ. ಎಣಿಸಿದ, ಗಲ್ಲಾಕ್ಕೆ ಹಾಕಿದ, ರಸೀತಿ ಹರಿದ.
ಬೇಡ ಅಂದಾನೆಂದು ಒಳಗೊಳಗೇ ಕಾದಿದ್ದೆ;
ಅನ್ನಲಿಲ್ಲ ಪುಣ್ಯಾತ್ಮ.
ಅದಕ್ಕೇ ಈಗಲೂ ಅವನಿಗೆ ಮುಖ ಕೊಡಬಲ್ಲೆ.

ಎಂಟನೆಯ ಚೆಂಡು ನೆಟ್ಟಗೆ ಹೋಯಿತೆಂದರೆ ಸುಳ್ಳಾದೀತು.
ಬಲಕ್ಕೆ ಹೋಯಿತು.
ಬಲಕ್ಕೆ ಹುಲ್ಲು. ಹುಡುಕಿದರೆ ಸಿಗುತ್ತದೆ.